ಕಾಣಿಕೆ ತಟ್ಟೆಗೆ ಬಿದ್ದ ಚೀಟಿ

ಇಂಗ್ಲೆಂಡಿನ ಒಂದು ಸಾಧಾರಣ ಊರು, ಭಾನುವಾರದ ಬೆಳಿಗ್ಗೆ. ಆರಾಧನೆ ಶುರುವಾಗಲು ಇನ್ನು ಹತ್ತು ನಿಮಿಷವಿದೆ. ಹಳೆಯ ಕಲ್ಲುಕಟ್ಟಡದ ಚರ್ಚು. ಅದರ ಭಾರದ ಬಾಗಿಲು ತಳ್ಳಿಕೊಂಡು ಅಪರಿಚಿತರೊಬ್ಬರು ಒಳಗೆ ಬರುತ್ತಾರೆ. ಬಾಗಿಲ ಬಳಿ ನಿಂತವರು ತಮ್ಮತಮ್ಮಲ್ಲಿ ಆಡುತ್ತಿದ್ದ ಮಾತು ನಿಲ್ಲಿಸದೆಯೇ ಕೈಗೊಂದು ಹಾಡಿನ ಪುಸ್ತಕ ಕೊಡುತ್ತಾರೆ. ಹೊಸಬರು ಖಾಲಿ ಬೆಂಚು ಕಂಡಲ್ಲಿ ಕೂರುತ್ತಾರೆ. ತುಸು ಹೊತ್ತಿಗೆ ಅಜ್ಜಿಯೊಬ್ಬರು ಬಂದು ಆ ಬೆಂಚಿನ ತುದಿಯಲ್ಲಿ ಸುಮ್ಮನೆ ನಿಲ್ಲುತ್ತಾರೆ. ಅದು ಎಷ್ಟೋ ವರ್ಷಗಳಿಂದ ಅವರದೇ ಜಾಗ. ಹಾಗೆಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಹೊಸಬರು ಎದ್ದು ಹಿಂದಿನ ಸಾಲಿಗೆ ಹೋಗುತ್ತಾರೆ.

ಅಲ್ಲಿಂದ ಮುಂದೆ ಈ ಹೊಸಬರ ವರ್ತನೆಯೇ ಕೊಂಚ ವಿಚಿತ್ರ. ಎಷ್ಟು ಬೆಂಚು ತುಂಬಿವೆ ಎಂದು ಲೆಕ್ಕ ಹಾಕುತ್ತಾರೆ. ಪಾದ್ರಿಯ ಬಾಯಿಂದ ಬಂದ ಮೊದಲ ವಾಕ್ಯವನ್ನು ಅಕ್ಷರ ಬಿಡದೆ ಗುರುತು ಹಾಕಿಕೊಳ್ಳುತ್ತಾರೆ. ಪ್ರಸಂಗ, ಅಂದರೆ ಪಾದ್ರಿಯ ಉಪದೇಶ, ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಗಡಿಯಾರ ನೋಡುತ್ತಾರೆ. ಕಾಣಿಕೆ ತಟ್ಟೆ ಬಂದಾಗ ಒಂದು ಪುಟ್ಟ ಚೀಟಿಯನ್ನು ಅದರೊಳಗೆ ಹಾಕುತ್ತಾರೆ. ಎಲ್ಲ ಮುಗಿದ ಮೇಲೂ ಮನೆಗೆ ಹೊರಡದೆ, ದಿಕ್ಕು ತೋಚದವರ ಹಾಗೆ ಮುಖ ಮಾಡಿಕೊಂಡು, ಯಾರಾದರೂ ಮಾತಾಡಿಸುತ್ತಾರೋ ನೋಡೋಣವೆಂದು ಅಲ್ಲೇ ನಿಂತಿರುತ್ತಾರೆ.

ಕಾಣಿಕೆ ಎಣಿಸಲು ಕೂತವರಿಗೆ ಆ ಚೀಟಿ ಸಿಗುತ್ತದೆ. ತಮ್ಮಲ್ಲಿಗೆ ‘ಮಿಸ್ಟರಿ ವರ್ಷಿಪರ್’, ಅಂದರೆ ಗುಪ್ತ ಆರಾಧಕರು, ಬಂದು ಹೋಗಿದ್ದು ಆಗ ಗೊತ್ತಾಗುತ್ತದೆ. ಬಂದದ್ದು ಗಂಡಸೋ ಹೆಂಗಸೋ, ಎಲ್ಲಿಯವರೋ, ಒಂದೂ ತಿಳಿಯದು. ಕೆಲವು ದಿನ ಕಳೆದ ಮೇಲೆ ಆ ಚರ್ಚಿನ ಪ್ರಸಂಗ, ಹಾಡು, ಬೆಂಚು, ಚಳಿ, ಕಾಫಿ ಎಲ್ಲದರ ವಿಮರ್ಶೆ ಊರಿಗೆಲ್ಲ ಓದಲು ಸಿಗುತ್ತದೆ.

ಹೋಟೆಲಿಗೆ ಹೋಗುವ ಮೊದಲು ನಾಲ್ಕು ಜನರ ಅಭಿಪ್ರಾಯ ಓದುವುದು ಈಗ ಎಲ್ಲರಿಗೂ ರೂಢಿಯಾಗಿದೆ. ಆದರೆ ಪ್ರಾರ್ಥನೆಯ ಜಾಗಕ್ಕೂ ಅಂಕ ಹಾಕುವವರಿದ್ದಾರೆ, ಆ ಅಂಕ ನೋಡಿಕೊಂಡು ಚರ್ಚು ಆರಿಸುವವರೂ ಇದ್ದಾರೆ ಎಂದರೆ ನಮ್ಮಲ್ಲಿ ಹಲವರಿಗೆ ಇರಿಸುಮುರಿಸಾದೀತು. ಈ ಪದ್ಧತಿ ಹುಟ್ಟಿದ ಕಡೆಯೂ ಜನರಿಗೆ ಅದೇ ಇರಿಸುಮುರಿಸು ಇತ್ತು.

ನಗೆ ಪತ್ರಿಕೆಯ ಗುಪ್ತಚರರು

‘ಷಿಪ್ ಆಫ್ ಫೂಲ್ಸ್’ ಬ್ರಿಟನ್ನಿನ ಒಂದು ಕ್ರೈಸ್ತ ನಗೆ ಪತ್ರಿಕೆ. ಸೈಮನ್ ಜೆಂಕಿನ್ಸ್ ಮತ್ತು ಸ್ಟೀವ್ ಗೊಡಾರ್ಡ್ 1977ರಲ್ಲಿ ಅದನ್ನು ಶುರು ಮಾಡಿದರು. ಇಬ್ಬರೂ ಚರ್ಚಿನ ಒಳಗಿನವರೇ. ತಾವು ನಂಬಿದ ಧರ್ಮದ ಸುತ್ತ ಬೆಳೆದುಕೊಂಡ ಪೊಳ್ಳು, ಆಡಂಬರಗಳನ್ನು ಕಂಡು ನಗಬೇಕು ಎಂಬುದಷ್ಟೇ ಅವರ ಉದ್ದೇಶ. ಡಾಂಭಿಕ ಭಕ್ತರಿಗೆ ವಚನಕಾರರೂ ದಾಸರೂ ಕೊಟ್ಟ ಪೆಟ್ಟುಗಳನ್ನು ಬಲ್ಲ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

1983ರಲ್ಲಿ ಪತ್ರಿಕೆ ನಿಂತುಹೋಯಿತು. ಹದಿನೈದು ವರ್ಷ ಬಿಟ್ಟು, 1998ರ ಏಪ್ರಿಲ್ 1ರಂದು, ಬೇಕೆಂದೇ ಮೂರ್ಖರ ದಿನವನ್ನು ಹಿಡಿದು, ಅಂತರ್ಜಾಲದಲ್ಲಿ ಮತ್ತೆ ಹುಟ್ಟಿತು. ಮಿಸ್ಟರಿ ವರ್ಷಿಪರ್ ಅಂಕಣ ಬಂದದ್ದು ಈ ಎರಡನೆಯ ಜನ್ಮದಲ್ಲಿ.

ಕಲ್ಪನೆ ಬಂದದ್ದು ಅಂಗಡಿಗಳಿಂದ. ದೊಡ್ಡ ಮಳಿಗೆಗಳು, ಬ್ಯಾಂಕುಗಳು, ಹೋಟೆಲುಗಳು ತಮ್ಮ ಸಿಬ್ಬಂದಿ ಜನರ ಜೊತೆ ಹೇಗೆ ನಡೆದುಕೊಳ್ಳುತ್ತಾರೆಂದು ತಿಳಿಯಲು ಗಿರಾಕಿಯ ಸೋಗಿನಲ್ಲಿ ಒಬ್ಬರನ್ನು ಕಳುಹಿಸುವುದುಂಟು. ಅದೇ ಉಪಾಯವನ್ನು ಚರ್ಚಿಗೂ ಹೂಡಿದರೆ ಹೇಗೆ? ತಮಾಷೆಯಾಗಿ ಹುಟ್ಟಿದ ಈ ಯೋಚನೆ ಬೇಗ ಬೇರುಬಿಟ್ಟಿತು. ಸಂಬಳವಿಲ್ಲದ ಸ್ವಯಂಸೇವಕರು ಬ್ರಿಟನ್, ಅಮೆರಿಕಗಳಲ್ಲದೆ ಬೇರೆ ದೇಶಗಳ ಚರ್ಚುಗಳಿಗೂ ಹೋಗಿ ಬಂದರು. ವರದಿಗಳ ಸಂಖ್ಯೆ ಸಾವಿರಗಳಿಗೆ ಮುಟ್ಟಿತು. ದೊಡ್ಡ ಕೆಥೆಡ್ರಲ್‌ಗಳನ್ನೂ ಬಿಡಲಿಲ್ಲ, ಹತ್ತು ಜನ ಸೇರುವ ಹಳ್ಳಿಯ ಪ್ರಾರ್ಥನಾ ಮಂದಿರಗಳನ್ನೂ ಬಿಡಲಿಲ್ಲ.

ವರದಿಯಲ್ಲಿ ಬರೆದವರ ನಿಜ ಹೆಸರು ಇರುವುದಿಲ್ಲ, ಕಾವ್ಯನಾಮ ಮಾತ್ರ. ಹೆಸರು ಮುಚ್ಚಿಡುವುದರ ಕಾರಣ ಸರಳ. ಬಿಷಪ್ ಬರುತ್ತಾರೆಂದರೆ ಎಲ್ಲ ಚರ್ಚೂ ಗುಡಿಸಿ ಸಾರಿಸಿ ನಗುತ್ತಾ ನಿಲ್ಲುತ್ತದೆ. ಯಾರೂ ಅಲ್ಲದ ಒಬ್ಬರು ಬಂದಾಗ ಏನು ನಡೆಯುತ್ತದೆ ಎಂಬುದು ತಿಳಿಯಬೇಕಾದರೆ ಯಾರೂ ಅಲ್ಲದವರಾಗಿಯೇ ಹೋಗಬೇಕು.

ಸ್ವರ್ಗ ಯಾವುದು, ಆ ಇನ್ನೊಂದು ಯಾವುದು?

ಈ ವರದಿಗಳಿಗೆ ಜೀವ ಕೊಟ್ಟದ್ದು ಅವುಗಳ ಪ್ರಶ್ನಾವಳಿ. ಎಲ್ಲ ಚರ್ಚಿಗೂ ಅವೇ ಪ್ರಶ್ನೆಗಳು. ಕಟ್ಟಡ ಎಂಥದ್ದು, ಎಷ್ಟು ತುಂಬಿತ್ತು, ಯಾರಾದರೂ ನಿಮ್ಮನ್ನೇ ಗುರುತಿಸಿ ಸ್ವಾಗತಿಸಿದರೇ, ಬೆಂಚು ಸುಖವಾಗಿತ್ತೇ, ಆರಂಭಕ್ಕೆ ಮುಂಚಿನ ವಾತಾವರಣ ಹೇಗಿತ್ತು, ಮೊದಲ ಮಾತು ಏನು, ಯಾವ ವಾದ್ಯ ನುಡಿಸಿದರು, ಗಮನ ಕೆಡಿಸಿದ್ದೇನು, ಪ್ರಸಂಗ ಸರಿಯಾಗಿ ಎಷ್ಟು ನಿಮಿಷ, ಪ್ರಸಂಗಿಗೆ ಹತ್ತಕ್ಕೆ ಎಷ್ಟು ಅಂಕ, ಅವರು ಹೇಳಿದ್ದು ಚುಟುಕಾಗಿ ಏನು.

ಅನಂತರ ಬರುವ ಜೋಡಿ ಪ್ರಶ್ನೆಗಳೇ ಈ ಅಂಕಣದ ಗುರುತು. ಆರಾಧನೆಯ ಯಾವ ಭಾಗ ಸ್ವರ್ಗದಲ್ಲಿದ್ದಂತೆ ಅನಿಸಿತು? ಯಾವ ಭಾಗ ಆ ಇನ್ನೊಂದು ಜಾಗದಲ್ಲಿದ್ದಂತೆ ಅನಿಸಿತು? ನರಕದ ಹೆಸರೆತ್ತದೆ ಗಂಟಲು ಸರಿಮಾಡಿಕೊಂಡು ಕೇಳುವ ಆ ಬ್ರಿಟಿಷ್ ಸಂಕೋಚದಲ್ಲೇ ಅದರ ನಗೆ ಇರುವುದು.

ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ತೂಕದ ಪ್ರಶ್ನೆ ಇದ್ಯಾವುದೂ ಅಲ್ಲ. ಎಲ್ಲ ಮುಗಿದ ಮೇಲೆ ಏನೂ ತೋಚದವರ ಹಾಗೆ ನಿಂತುಕೊಂಡಿರಿ, ಏನಾಯಿತು ಬರೆಯಿರಿ ಎಂಬ ಪ್ರಶ್ನೆ ಇದೆಯಲ್ಲ, ಅದು. ಇಂಗ್ಲೆಂಡಿನ ಬಹಳಷ್ಟು ಚರ್ಚುಗಳಲ್ಲಿ ಆರಾಧನೆಯಾದ ಮೇಲೆ ಹಿಂಭಾಗದಲ್ಲೋ ಪಕ್ಕದ ಹಾಲ್‌ನಲ್ಲೋ ಕಾಫಿ, ಟೀ, ಬಿಸ್ಕತ್ತು ಇರುತ್ತದೆ. ವಾರವಿಡೀ ಸಿಗದ ಗೆಳೆಯರು ಗುಂಪುಗುಂಪಾಗಿ ವೃತ್ತ ಕಟ್ಟಿ ನಿಲ್ಲುತ್ತಾರೆ. ಎಲ್ಲರ ಮುಖವೂ ವೃತ್ತದ ಒಳಗಡೆಗೆ. ಹೊಸಬರಿಗೆ ಕಾಣುವುದು ಬೆನ್ನುಗಳು ಮಾತ್ರ. ಯಾರಿಗೂ ಕೆಟ್ಟ ಮನಸ್ಸಿಲ್ಲ. ಅಲ್ಲಿದ್ದ ಒಬ್ಬೊಬ್ಬರನ್ನೂ ಕೇಳಿ ನೋಡಿ, ನಮ್ಮದು ಬಹಳ ಆತ್ಮೀಯವಾದ ಸಭೆ ಎಂದೇ ಹೇಳುತ್ತಾರೆ, ಅವರಿಗೆ ಅದು ನಿಜವೂ ಹೌದು. ಕೈಯಲ್ಲಿ ಕಪ್ಪು ಹಿಡಿದು ಗೋಡೆಯ ನೋಟಿಸು ಓದುತ್ತಾ ಒಂಟಿಯಾಗಿ ನಿಂತವರಿಗೆ ಮಾತ್ರ ಅದು ನಿಜವಲ್ಲ. ಸಭೆಯ ಒಳಗಿರುವ ಯಾರಿಗೂ ಈ ದೃಶ್ಯ ಕಾಣುವುದು ಸಾಧ್ಯವೇ ಇಲ್ಲ. ಕಾಣಬೇಕಾದರೆ ಹೊರಗಿನವರ ಕಣ್ಣೇ ಬೇಕು.

ಕಾಫಿ ಹೇಗಿತ್ತು ಎಂಬುದಕ್ಕೂ ಬೇರೆ ಪ್ರಶ್ನೆ ಇದೆ. ನೀರಿಗೆ ಬಣ್ಣ ಬಂದಷ್ಟೇ ಇರುವ ಇನ್‌ಸ್ಟಂಟ್ ಕಾಫಿ ಇಂಗ್ಲಿಷ್ ಚರ್ಚುಗಳ ಬಗ್ಗೆ ಅಲ್ಲಿಯವರೇ ಹೇಳಿಕೊಂಡು ನಗುವ ವಿಷಯ. ಚಿಕ್ಕಮಗಳೂರಿನ ಕಾಫಿ ಕುಡಿದು ಬೆಳೆದವರು ಆ ಅಂಕವನ್ನು ಹೇಗೂ ನಂಬಬೇಕಾಗಿಲ್ಲ.

ಕೊನೆಯಲ್ಲಿ, ಇದನ್ನೇ ನಿಮ್ಮ ಕಾಯಂ ಚರ್ಚು ಮಾಡಿಕೊಳ್ಳುತ್ತೀರಾ ಎಂಬುದಕ್ಕೆ ಸೊನ್ನೆಯಿಂದ ಹತ್ತರ ಒಳಗೆ ಒಂದು ಅಂಕ; ಏಳು ದಿನ ಕಳೆದ ಮೇಲೆ ಯಾವ ಒಂದು ಸಂಗತಿ ನೆನಪಿನಲ್ಲಿ ಉಳಿದೀತು ಎಂಬುದಕ್ಕೆ ಒಂದು ವಾಕ್ಯ. ಗಂಟೆಗಟ್ಟಲೆ ತಯಾರಿ ಮಾಡಿದ ಪ್ರಸಂಗಿಗೆ ಈ ಕೊನೆಯ ಪ್ರಶ್ನೆಯ ಉತ್ತರ ಎಷ್ಟೋ ಸಲ ಕಹಿಯಾಗಿರುತ್ತದೆ.

ಆರಿಸುವ ಹಕ್ಕೇ ಇಲ್ಲದ ಕಾಲ

ಚರ್ಚು ಆರಿಸುವುದು ಎಂಬ ಮಾತಿಗೇ ಒಂದು ಕಾಲಕ್ಕೆ ಅರ್ಥವಿರಲಿಲ್ಲ. ಇಂಗ್ಲೆಂಡಿನ ಪ್ರತಿ ಮನೆಯೂ ಯಾವುದಾದರೊಂದು ಪ್ಯಾರಿಷ್‌ನ, ಅಂದರೆ ಧರ್ಮಕೇಂದ್ರದ, ಎಲ್ಲೆಯೊಳಗೆ ಬರುತ್ತದೆ. ಚರ್ಚ್ ಆಫ್ ಇಂಗ್ಲೆಂಡಿಗೆ ಇಂದಿಗೂ ಸುಮಾರು 12,500 ಪ್ಯಾರಿಷ್‌ಗಳೂ 16,000ದಷ್ಟು ಚರ್ಚು ಕಟ್ಟಡಗಳೂ ಇವೆ. ನೀವು ಎಲ್ಲಿ ವಾಸವೋ ಅದೇ ನಿಮ್ಮ ಚರ್ಚು.

ಮೊದಲನೆಯ ಎಲಿಜಬೆತ್ ರಾಣಿಯ ಕಾಲದ 1559ರ ಕಾಯಿದೆ ಇದಕ್ಕೆ ದಂಡದ ಬಲವನ್ನೂ ಕೊಟ್ಟಿತು. ಭಾನುವಾರ ಮತ್ತು ಹಬ್ಬದ ದಿನ ಚರ್ಚಿಗೆ ಬಾರದವರಿಗೆ 12 ಪೆನ್ಸ್ ದಂಡ. ಬಡ ಕೂಲಿಯವನಿಗೆ ಅದು ಒಂದು ದಿನದ ದುಡಿಮೆಗಿಂತ ಹೆಚ್ಚು. ಪ್ರಸಂಗ ಎಷ್ಟೇ ಬೇಸರದ್ದಾದರೂ ಕೂತು ಕೇಳಲೇಬೇಕಿತ್ತು. 1689ರ ಸಹಿಷ್ಣುತಾ ಕಾಯಿದೆ ಭಿನ್ನಮತದ ಪ್ರಾಟೆಸ್ಟಂಟರಿಗೆ ತಮ್ಮದೇ ಪ್ರಾರ್ಥನಾ ಮಂದಿರ ಕಟ್ಟಿಕೊಳ್ಳಲು ಬಿಟ್ಟಿತು. ಕ್ಯಾಥೊಲಿಕರು ಬಹಿರಂಗವಾಗಿ ಪೂಜೆ ಸಲ್ಲಿಸಲು 1791ರವರೆಗೆ ಕಾಯಬೇಕಾಯಿತು.

ಅಷ್ಟು ಹೊತ್ತಿಗೆ ಕಾರ್ಖಾನೆಗಳು ಬಂದಿದ್ದವು. ಹಳ್ಳಿ ಬಿಟ್ಟು ನಗರ ಸೇರಿದ ಜನಕ್ಕೆ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮುಂತಾದ ಹತ್ತಾರು ಬಾಗಿಲು ತೆರೆದಿದ್ದವು. 1851ರ ಮಾರ್ಚ್ 30ರ ಭಾನುವಾರ ಸರಕಾರವೇ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆರಾಧನೆಗೆ ಬಂದವರ ಗಣತಿ ಮಾಡಿಸಿತು. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಅಧಿಕೃತ ಚರ್ಚಿನ ಹೊರಗೆ ಇದ್ದರೆಂದು ತಿಳಿದು ಬಿಷಪರೆಲ್ಲ ಬೆಚ್ಚಿದರು. ಆಯ್ಕೆ ಬಂದಿತ್ತು. ಆಯ್ಕೆ ಬಂದ ಮೇಲೆ ವಿಮರ್ಶಕ ಬಾರದಿರುತ್ತಾನೆಯೇ?

ಕುದುರೆ ಏರಿ ಬಂದ ವಿಮರ್ಶಕ

ಅವನು ಅದಾಗಲೇ ಬಂದಿದ್ದ. ಐರ್ಲೆಂಡಿನಿಂದ ಬಂದು ಬ್ರಿಸ್ಟಲ್ ನಗರದಲ್ಲಿ ‘ಬ್ರಿಸ್ಟಲ್ ಟೈಮ್ಸ್’ ಪತ್ರಿಕೆ ನಡೆಸುತ್ತಿದ್ದ ಜೋಸೆಫ್ ಲೀಚ್, 1840ರ ದಶಕದಲ್ಲಿ ‘ಚರ್ಚ್‌ಗೋಯರ್’ ಎಂಬ ಹೆಸರಿನಲ್ಲಿ ಬರೆಯತೊಡಗಿದ. ಮೊದಲು ಊರಿನ ಚರ್ಚುಗಳು, ಆಮೇಲೆ ಕುದುರೆ ಏರಿ ಸುತ್ತಲಿನ ಹಳ್ಳಿಯ ಚರ್ಚುಗಳು. ಪಾದ್ರಿಯ ಧಾಟಿ, ಹಾಡುಗಾರರ ಅಪಸ್ವರ, ಊರ ಸಾಹುಕಾರನ ಬೆಂಚು, ಯಾವುದನ್ನೂ ಬಿಡದ ಚುರುಕು ಬರವಣಿಗೆ. ಆಗಿನ ಇಂಗ್ಲೆಂಡಿನಲ್ಲಿ ಬೆಂಚುಗಳಿಗೆ ಬಾಡಿಗೆ ಇತ್ತು. ಕೊಡಲಾರದವರು ಹಿಂದೆ, ಬಿಟ್ಟಿ ಜಾಗದಲ್ಲಿ ಕೂರಬೇಕು. ಹೊಸ ಮುಖ ಕಂಡರೆ ಎಲ್ಲಿ ಕೂರಿಸುತ್ತಾರೆ ಎಂಬುದು ಅಂದಿಗೂ ನೋಡತಕ್ಕ ಸಂಗತಿಯೇ ಆಗಿತ್ತು. ಅದೇ ದಶಕದಲ್ಲಿ, 1843ರಲ್ಲಿ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು ಎಂದರೆ ಕಾಲದ ಅಂದಾಜು ಸಿಗುತ್ತದೆ.

1870ರ ದಶಕದಲ್ಲಿ ಚಾರ್ಲ್ಸ್ ಮಾರಿಸ್ ಡೇವೀಸ್ ಎಂಬ ಪಾದ್ರಿ, ಸ್ವತಃ ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದವರು, ಲಂಡನ್ನಿನ ತರಾವರಿ ಪಂಥಗಳ ಆರಾಧನೆಗೆ ಹೋಗಿ ಕೂತು ಪತ್ರಿಕೆಗೆ ಬರೆದರು. ಆ ಬರಹಗಳು ಪುಸ್ತಕಗಳಾಗಿಯೂ ಬಂದವು. 1990ರ ದಶಕದಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಧರ್ಮ ವರದಿಗಾರ್ತಿ ರೂತ್ ಗ್ಲೆಡ್‌ಹಿಲ್ ವಾರವಾರವೂ ಒಂದೊಂದು ಆರಾಧನೆಗೆ ಹೋಗಿ, ಪ್ರಸಂಗ, ಸಂಗೀತ ಇತ್ಯಾದಿಗೆ ನಕ್ಷತ್ರ ಹಾಕಿ ಅಂಕಣ ಬರೆದರು. ಷಿಪ್ ಆಫ್ ಫೂಲ್ಸ್ ಈ ಸಾಲಿಗೆ ಸೇರಿಸಿದ್ದು ಎರಡು ಸಂಗತಿ: ಯಾರು ಬೇಕಾದರೂ ವಿಮರ್ಶಕರಾಗಬಹುದು, ಎಲ್ಲರೂ ಅವೇ ಪ್ರಶ್ನೆಗಳಿಗೆ ಉತ್ತರಿಸಬೇಕು.

ಅಮೆರಿಕದ ಸಂತೆ

ಅಮೆರಿಕದಲ್ಲಿ ಸರಕಾರಿ ಚರ್ಚು ಎಂಬುದಿಲ್ಲ. ಸಂವಿಧಾನದ 1791ರ ಮೊದಲ ತಿದ್ದುಪಡಿ ರಾಷ್ಟ್ರಮಟ್ಟದಲ್ಲಿ ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ. ಜನರ ಕಾಣಿಕೆಯಿಂದಲೇ ಬದುಕಬೇಕಾದ ಚರ್ಚು ಜನರನ್ನು ಸೆಳೆಯಲೇಬೇಕು. ಊರಿಂದೂರಿಗೆ ಕೆಲಸಕ್ಕಾಗಿ ಅಲೆಯುವ ಆ ದೇಶದಲ್ಲಿ ‘ಚರ್ಚ್ ಷಾಪಿಂಗ್’ ಎಂಬುದು ಮುಜುಗರವಿಲ್ಲದೆ ಬಳಸುವ ಮಾತು.

ಪ್ಯೂ ಸಂಶೋಧನಾ ಕೇಂದ್ರ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅಮೆರಿಕದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕಿನಲ್ಲಿ ಒಮ್ಮೆಯಾದರೂ ಹೊಸ ಆರಾಧನಾ ಸ್ಥಳ ಹುಡುಕಿದವರು. ಊರು ಬದಲಾದದ್ದೇ ದೊಡ್ಡ ಕಾರಣ. ಆರಿಸುವಾಗ ಪ್ರಸಂಗದ ಗುಣಮಟ್ಟ ಮುಖ್ಯವಾಗಿತ್ತು ಎಂದವರು ಶೇ 83. ಮುಖಂಡರು ಸ್ವಾಗತಿಸಿದ ರೀತಿ ಎಂದವರು ಶೇ 79. ಆರಾಧನೆಯ ಶೈಲಿ ಎಂದವರು ಶೇ 74. ಮನೆಯಿಂದ ಎಷ್ಟು ದೂರ ಎಂಬುದು ಆಮೇಲೆ, ಶೇ 70.

ಬೇಡಿಕೆ ಇದ್ದಲ್ಲಿ ವ್ಯಾಪಾರವೂ ಹುಟ್ಟುತ್ತದೆ. ಹಣ ಪಡೆದು ಗುಟ್ಟಾಗಿ ಬಂದುಹೋಗುವ ಸಲಹೆಗಾರರು ಅಲ್ಲಿದ್ದಾರೆ. ಅವರನ್ನು ಕರೆಸುವುದು ಚರ್ಚಿನ ಮುಖಂಡರೇ. ಕಾರು ನಿಲ್ಲಿಸಲು ಜಾಗ ಸಿಕ್ಕಿತೇ, ದಾರಿ ತೋರುವ ಫಲಕವಿತ್ತೇ, ಶೌಚಾಲಯ ನಾರುತ್ತಿತ್ತೇ, ಮಕ್ಕಳ ಕೋಣೆಗೆ ಯಾರು ಬೇಕಾದರೂ ನುಗ್ಗಬಹುದೇ ಎಂದು ನೋಡಿ ದಪ್ಪ ವರದಿ ಕೊಡುತ್ತಾರೆ. ಈ ವರದಿ ಸಾರ್ವಜನಿಕರಿಗೆ ಸಿಗುವುದಿಲ್ಲ ಎಂಬುದನ್ನು ಗಮನಿಸಬೇಕು. ಅದು ಮಾರುವವರ ಅನುಕೂಲಕ್ಕೆ, ಕೊಳ್ಳುವವರ ಅನುಕೂಲಕ್ಕಲ್ಲ.

504 ಡಾಲರಿನ ನಾಸ್ತಿಕ

ಅಮೆರಿಕದ ಕತೆಗಳಲ್ಲಿ ಸ್ವಾರಸ್ಯದ್ದು ಹೇಮಂತ್ ಮೆಹ್ತಾ ಅವರದು. ಷಿಕಾಗೋದ ಭಾರತೀಯ ಮೂಲದ ಈ ಯುವಕ ಜೈನ ಮನೆಯಲ್ಲಿ ಬೆಳೆದು ನಾಸ್ತಿಕರಾದವರು. 2006ರಲ್ಲಿ ಅವರು ಅಂತರ್ಜಾಲದ ‘ಇಬೇ’ ಹರಾಜಿನಲ್ಲಿ ತಮ್ಮನ್ನೇ ಮಾರಾಟಕ್ಕಿಟ್ಟರು: ಗೆದ್ದವರು ಕೊಟ್ಟ ಪ್ರತಿ ಹತ್ತು ಡಾಲರಿಗೆ ಒಂದು ಗಂಟೆ, ಅವರು ಹೇಳಿದ ಆರಾಧನೆಗೆ ತೆರೆದ ಮನಸ್ಸಿನಿಂದ ಹೋಗಿ ಕೂರುತ್ತೇನೆ. ಹರಾಜು 504 ಡಾಲರಿಗೆ ನಿಂತಿತು.

ಕೊಂಡವರು ಜಿಮ್ ಹೆಂಡರ್ಸನ್, ಹಿಂದೆ ಪಾಸ್ಟರ್ ಆಗಿದ್ದವರು. ಮೆಹ್ತಾ ಅವರನ್ನು ಮತಾಂತರಿಸಲು ಅವರು ಕೈಹಾಕಲಿಲ್ಲ. ಲೆಕ್ಕದ ಪ್ರಕಾರ ಐವತ್ತು ಗಂಟೆ ಒಂದೇ ಕಡೆ ಕೂರಿಸುವ ಬದಲು ಬೇರೆಬೇರೆ ಚರ್ಚುಗಳಿಗೆ ಹೋಗಿ ಕಂಡದ್ದನ್ನು ಬರೆಯಲು ಹೇಳಿದರು. ಹಣ ನಾಸ್ತಿಕ ವಿದ್ಯಾರ್ಥಿಗಳ ಸಂಘಟನೆಯೊಂದಕ್ಕೆ ಹೋಯಿತು. ಆ ಬರಹ 2007ರಲ್ಲಿ ಪುಸ್ತಕವಾಯಿತು. ನಂಬದವರ ಬಗ್ಗೆ ವೇದಿಕೆಯ ಮೇಲಿಂದ ಹಗುರವಾಗಿ ಆಡುವ ಮಾತು ಕೆಳಗೆ ಕೂತ ಹೊರಗಿನವನಿಗೆ ಹೇಗೆ ಕೇಳಿಸುತ್ತದೆ ಎಂಬುದು ಚರ್ಚಿನವರಿಗೆ ಅದರಿಂದ ಸಿಕ್ಕ ಪಾಠಗಳಲ್ಲಿ ಒಂದು.

ಹೆಂಡರ್ಸನ್‌ಗೆ ಇದರ ರುಚಿ ಹತ್ತಿತು. ಮ್ಯಾಟ್ ಕ್ಯಾಸ್ಪರ್ ಎಂಬ ಇನ್ನೊಬ್ಬ ನಾಸ್ತಿಕನ ಜೊತೆಗೂಡಿ ಊರೂರು ಸುತ್ತಿದರು. ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣವನ್ನೇ ಚರ್ಚಾಗಿಸಿ 16,000ಕ್ಕೂ ಹೆಚ್ಚು ಆಸನ ಹಾಕಿರುವ ಹ್ಯೂಸ್ಟನ್ನಿನ ಲೇಕ್‌ವುಡ್ ಚರ್ಚಿಗೂ ಹೋಗಿ ಬಂದು, ಇಬ್ಬರೂ ಸೇರಿ ಪುಸ್ತಕ ಬರೆದರು. ನಂಬಿಕೆಯಿರುವ ವಿಮರ್ಶಕರಿಗೆ ಕಾಣದ್ದು ಇಂಥವರಿಗೆ ಕಂಡದ್ದುಂಟು. ಹೊಗೆಯಂತ್ರ, ಬಣ್ಣದ ದೀಪ, ದೈತ್ಯ ಪರದೆಗಳಿಗೆ ಒಗ್ಗಿಹೋದ ಕಣ್ಣಿಗೆ ಅವು ಕಾಣುವುದೇ ನಿಂತುಹೋಗಿರುತ್ತದೆ.

ಬೇರೆ ಬಗೆಯ ಮಾಹಿತಿ ಹುಡುಕುವವರೂ ಮುಂದೆ ಬಂದರು. 2017ರಲ್ಲಿ ಶುರುವಾದ ‘ಚರ್ಚ್ ಕ್ಲ್ಯಾರಿಟಿ’ ಅಂಕ ಕೊಡುವುದು ಪ್ರಸಂಗಕ್ಕಲ್ಲ. ಸಲಿಂಗಿಗಳ ಬಗ್ಗೆ, ಹೆಂಗಸರು ಮುಖಂಡರಾಗುವ ಬಗ್ಗೆ ತನ್ನ ನಿಲುವನ್ನು ಚರ್ಚು ಮುಚ್ಚುಮರೆಯಿಲ್ಲದೆ ಪ್ರಕಟಿಸಿದೆಯೇ ಎಂದಷ್ಟೇ ನೋಡುತ್ತದೆ. ಬಾಗಿಲಲ್ಲಿ ಎಲ್ಲರಿಗೂ ಸ್ವಾಗತ ಎಂದು ಬರೆದು, ಎರಡು ವರ್ಷ ದುಡಿಸಿಕೊಂಡ ಮೇಲೆ ನಿನಗೆ ಇಲ್ಲಿ ಜಾಗವಿಲ್ಲ ಎನ್ನುವುದಕ್ಕಿಂತ ಮೊದಲೇ ಹೇಳುವುದು ಮೇಲು ಎಂಬುದು ಅದರ ವಾದ. 2019ರಲ್ಲಿ ಇನ್‌ಸ್ಟಗ್ರಾಂನ ಖಾತೆಯೊಂದು ಪ್ರಸಿದ್ಧ ಪಾಸ್ಟರುಗಳ ಕಾಲಿನ ಷೂ ಚಿತ್ರವನ್ನೂ ಅದರ ಮಾರುಕಟ್ಟೆ ಬೆಲೆಯನ್ನೂ ಪಕ್ಕಪಕ್ಕ ಹಾಕಿ ಗುಲ್ಲೆಬ್ಬಿಸಿತು. ಅದನ್ನು ನಡೆಸುತ್ತಿದ್ದವರೂ ಮೊದಲಿಗೆ ಹೆಸರು ಹೇಳಿಕೊಂಡಿರಲಿಲ್ಲ.

ಹೆಸರು ಮರೆಸಿದವರ ಹೊಣೆ

ಮುಖ ಮುಚ್ಚಿಕೊಂಡವರ ಮಾತು ಎಷ್ಟು ಪ್ರಾಮಾಣಿಕ? ಇದು ನ್ಯಾಯವಾದ ಪ್ರಶ್ನೆ. ಚಳಿಗಾಲದ ಬೆಳಿಗ್ಗೆ ಹನ್ನೆರಡು ವೃದ್ಧರು ಸೇರಿ ಹಾಡಿದ್ದನ್ನು ಅಪಸ್ವರವೆಂದು ಬರೆದು ಮಾಯವಾಗುವುದು ಸುಲಭ. ಅಂದು ಆ ಪಾದ್ರಿ ಆಸ್ಪತ್ರೆಯಲ್ಲಿ ರಾತ್ರಿ ಕಳೆದು ಬಂದಿರಬಹುದು, ಆರ್ಗನ್ ನುಡಿಸುವವರು ರಜೆಯಲ್ಲಿರಬಹುದು. ಒಂದೇ ಭಾನುವಾರ ನೋಡಿ ಒಂದು ಸಭೆಯನ್ನು ಅಳೆಯುವುದು ಉಪ್ಪಿಟ್ಟು-ಕೇಸರಿಬಾತ್ ರುಚಿ ನೋಡಿ ಸಂಬಂಧ ಕುದುರಿಸಿದ ಹಾಗೆ.

ಆದರೂ ಮಿಸ್ಟರಿ ವರ್ಷಿಪರ್ ವರದಿಗೂ ಫೋನಿನ ನಕಾಶೆಯಲ್ಲಿ ಕಾಣುವ ನಕ್ಷತ್ರಗಳಿಗೂ ಅಂತರವಿದೆ. ನಕ್ಷತ್ರ ಹಾಕುವವರಲ್ಲಿ ಎರಡು ಪಂಗಡ ಎದ್ದು ಕಾಣುತ್ತದೆ: ಅಭಿಮಾನಿಗಳು ಮತ್ತು ಜಗಳವಾಡಿ ಹೊರಬಂದವರು. ಗುಟ್ಟಾಗಿ ಬಂದ ಅತಿಥಿಗೆ ಆ ಸಭೆಯ ಮೇಲೆ ಹಳೆಯ ಸಿಟ್ಟೂ ಇಲ್ಲ, ಹಂಗೂ ಇಲ್ಲ. ಪ್ರಶ್ನೆಗಳು ಮೊದಲೇ ಗೊತ್ತುಮಾಡಿದವು. ಹೊಗಳಿದರೂ ತೆಗಳಿದರೂ ಇಂಥದ್ದು ನಡೆಯಿತು ಎಂದು ಹೇಳಲೇಬೇಕು. ತಟ್ಟೆಗೆ ಹಾಕಿದ ಚೀಟಿಯೂ ಒಂದು ಬಗೆಯ ಸೌಜನ್ಯ. ನಿಮ್ಮನ್ನು ನೋಡಿ ಹೋಗಿದ್ದೇನೆ ಎಂದು ತಿಳಿಸಿಯೇ ಹೋಗುತ್ತಾರೆ.

ಹಾಗೆಂದು ಜಗಳವಾಡಿ ಹೊರಬಂದವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. 2012ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಬೀವರ್ಟನ್ ಎಂಬಲ್ಲಿ, ತಮ್ಮ ಹಳೆಯ ಚರ್ಚಿನ ಬಗ್ಗೆ ಗೂಗಲ್‌ನಲ್ಲಿ ಕಟುವಾಗಿ ಬರೆದ ಮಹಿಳೆ ಮತ್ತಿತರರ ಮೇಲೆ ಅಲ್ಲಿನ ಪಾಸ್ಟರ್ 5 ಲಕ್ಷ ಡಾಲರ್ ಕೇಳಿ ಮಾನನಷ್ಟ ಮೊಕದ್ದಮೆ ಹೂಡಿದರು. ಸಾರ್ವಜನಿಕ ವಿಷಯದಲ್ಲಿ ಮಾತಾಡುವವರ ಬಾಯಿ ಮುಚ್ಚಿಸಲು ಹೂಡುವ ದಾವೆಗಳನ್ನು ತಡೆಯುವ ಕಾನೂನು ಆ ರಾಜ್ಯದಲ್ಲಿದೆ. ಅದರಡಿ ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು. ಜನ ಹೆಸರು ಮರೆಸಿ ಬರೆಯುವುದಕ್ಕೆ ಇರುವ ಇನ್ನೊಂದು ಕಾರಣ ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ.

ಬೆಂಚಿನಿಂದ ಕಾಣದ್ದು

ಈ ವಿಮರ್ಶೆಗಳ ನಿಜವಾದ ಮಿತಿ ಬೇರೆಯದು. ಅವು ಕಾಣುವುದನ್ನು ಮಾತ್ರ ಹೇಳಬಲ್ಲವು.

2024ರ ನವೆಂಬರಿನಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಅತ್ಯುನ್ನತ ಬಿಷಪ್ ಆಗಿದ್ದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಿದರು. ಜಾನ್ ಸ್ಮೈತ್ ಎಂಬ ವಕೀಲ ಕ್ರೈಸ್ತ ಬೇಸಿಗೆ ಶಿಬಿರಗಳ ನಂಟಿನಿಂದ ದಶಕಗಳ ಕಾಲ 100ಕ್ಕೂ ಹೆಚ್ಚು ಹುಡುಗರನ್ನು, ಯುವಕರನ್ನು ಹಿಂಸಿಸಿದ್ದ. ಅದು ಗೊತ್ತಾದ ಮೇಲೂ ಚರ್ಚು ಸರಿಯಾದ ಕ್ರಮ ಕೈಗೊಳ್ಳಲಿಲ್ಲ ಎಂದು ಆ ಪ್ರಕರಣದ ಬಗೆಗಿನ ಮೇಕಿನ್ ತನಿಖಾ ವರದಿ ಹೇಳಿದ ಕೆಲವೇ ದಿನಗಳಲ್ಲಿ ಬಂದ ರಾಜೀನಾಮೆ ಅದು. ಆ ವಲಯದಲ್ಲಿ ಸ್ಮೈತ್ ಗೌರವಸ್ಥ. ಹಿಂದಿನ ಸಾಲಿನಲ್ಲಿ ಕೂತು ಗಡಿಯಾರ ನೋಡುವ ಯಾವ ಅತಿಥಿಗೂ ಅಂಥವರ ಒಳಮುಖ ಕಾಣದು. ಬೆಚ್ಚಗಿನ ಸ್ವಾಗತ, ಸೊಗಸಾದ ಹಾಡುಗಾರಿಕೆ, ಒಳ್ಳೆಯ ಕಾಫಿ ಇರುವಲ್ಲೇ ಲೆಕ್ಕಪತ್ರ ಗೋಲ್‌ಮಾಲ್ ಆಗಿರಬಹುದು, ಪ್ರಶ್ನೆ ಕೇಳಿದವರನ್ನು ಮೂಲೆಗೆ ತಳ್ಳುತ್ತಿರಬಹುದು. ತಿರುಗಾಮುರುಗಾ ಕೂಡ ನಿಜ. ಮುಖ ಗಂಟು ಹಾಕಿಕೊಂಡ ಆ ಬೆಂಚಿನ ಅಜ್ಜಿಯೇ ಕಾಯಿಲೆ ಬಿದ್ದವರ ಮನೆಗೆ ವಾರವಿಡೀ ಸಾರು ಹೊತ್ತುಕೊಂಡು ಹೋಗುವವರಿರಬಹುದು. ಹತ್ತಕ್ಕೆ ಇಷ್ಟು ಎಂಬ ಅಂಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಹಾಗಾಗಿ ಚರ್ಚು ಹುಡುಕುವವರಿಗಿಂತ ಚರ್ಚು ನಡೆಸುವವರಿಗೇ ಈ ವರದಿಗಳಿಂದ ಹೆಚ್ಚು ಉಪಕಾರ ಎಂದು ನನಗನ್ನಿಸುತ್ತದೆ. ಹಿಂದಿನ ಸಾಲಿಗೆ ಮೈಕ್ ಕೇಳಿಸುತ್ತಿಲ್ಲ, ಆರಾಧನೆಯ ಹೊತ್ತು ತಪ್ಪಾಗಿ ಬರೆದಿದೆ, ಗಾಲಿಕುರ್ಚಿ ಬರುವ ಬಾಗಿಲಿಗೆ ಬೀಗ ಹಾಕಿದೆ ಎಂಬುದೆಲ್ಲ ಸೋಮವಾರವೇ ಸರಿಪಡಿಸಬಹುದಾದ ಸಂಗತಿ. ಯಾರೂ ಹೇಳಿರಲಿಲ್ಲ, ಅಷ್ಟೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರು ಎಂದುಕೊಂಡವರ ಪ್ರಮಾಣ 2011ರ ಜನಗಣತಿಯಲ್ಲಿ ಶೇ 59.3 ಇದ್ದದ್ದು 2021ರಲ್ಲಿ ಶೇ 46.2ಕ್ಕೆ ಇಳಿದಿದೆ. ತಾವಾಗಿ ಒಳಗೆ ಕಾಲಿಟ್ಟ ಹೊಸಬರನ್ನು ಒಂಟಿಯಾಗಿ ನಿಲ್ಲಿಸುವ ಐಷಾರಾಮ ಅಲ್ಲಿನ ಚರ್ಚುಗಳಿಗೆ ಈಗ ಉಳಿದಿಲ್ಲ.

ನಮ್ಮಲ್ಲಿ ಯಾಕಿಲ್ಲ?

ಕರ್ನಾಟಕದಲ್ಲಿ ಚರ್ಚು ಆರಿಸುವವರು ಮೊದಲು ನೋಡುವುದು ಪಂಥ, ಅದರ ಬೆನ್ನಿಗೇ ಭಾಷೆ. ಬೆಂಗಳೂರಿನ ಒಂದೇ ಕ್ಯಾಥೊಲಿಕ್ ಚರ್ಚಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಬಲಿಪೂಜೆಗಳು ಬೇರೆಬೇರೆ ಹೊತ್ತಿಗೆ ನಡೆಯುವುದುಂಟು. ಎರಡನೆಯ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಜಾಗದಲ್ಲಿ ಜನರ ನುಡಿಗೆ ಎಡೆ ಮಾಡಿಕೊಟ್ಟ ಮೇಲೆ, ಯಾವ ನುಡಿಗೆ ಎಷ್ಟು ಪಾಲು ಎಂಬ ತಕರಾರು ಈ ನಗರದಲ್ಲಿ ಬೀದಿಗೂ ಬಂದದ್ದಿದೆ. ಸಿಎಸ್‌ಐ (ದಕ್ಷಿಣ ಭಾರತದ ಚರ್ಚು) ಸಭೆಗಳಲ್ಲೂ ಕನ್ನಡದ ಚರ್ಚು, ತಮಿಳಿನ ಚರ್ಚು ಎಂದೇ ಗುರುತು. ಕನ್ನಡ ಆರಾಧನೆ ಬೇಕೆಂದವರಿಗೆ ಹಡ್ಸನ್ ಸ್ಮಾರಕ ಚರ್ಚಿನ ದಾರಿ ತೋರಿಸಲು ವಿಮರ್ಶೆ ಬೇಕಿಲ್ಲ.

ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರಲ್ಲಿ ವಾಡೆಗೊಬ್ಬ, ಅಂದರೆ ಚರ್ಚಿನ ಒಂದೊಂದು ವಿಭಾಗಕ್ಕೊಬ್ಬ, ಗುರ್ಕಾರ್ ಎಂಬ ಮುಖಂಡರು ಇರುತ್ತಾರೆ. ಹೊಸ ಕುಟುಂಬ ಬಂದರೆ ಅವರಿಗೆ ತಿಳಿಯುತ್ತದೆ. ಅಲ್ಲಿ ಅಪರಿಚಿತರಾಗಿ ಉಳಿಯುವುದೇ ಕಷ್ಟ. ಬೆಂಗಳೂರಿನಲ್ಲಿ ಹಾಗಲ್ಲ. ಅಪಾರ್ಟ್‌ಮೆಂಟುಗಳ ನಡುವೆ ಹುಟ್ಟಿಕೊಳ್ಳುತ್ತಿರುವ ಸ್ವತಂತ್ರ ಸಭೆಗಳಲ್ಲಿ ಯಾವುದಕ್ಕೆ ಹೋಗಬೇಕು ಎಂಬ ಪ್ರಶ್ನೆ ಹೊಸಬರಿಗೆ ನಿಜವಾಗಿಯೂ ಇದೆ.

ಆದರೆ ಚೀಟಿ ಹಾಕಿ ಹೋಗುವ ಆಟ ಇಲ್ಲಿ ನಡೆಯದು. ಅದಕ್ಕೆ ಕಾರಣ ನಗೆಯದಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿ ನಡೆಯಿತು. 2021ರಲ್ಲಿ ರಾಜ್ಯದ ಚರ್ಚುಗಳ ಸಮೀಕ್ಷೆ ಮಾಡುವಂತೆ ವಿಧಾನಮಂಡಲದ ಸಮಿತಿಯೊಂದು ಸೂಚಿಸಿದಾಗ ಸಮುದಾಯದಲ್ಲಿ ಆತಂಕ ಹರಡಿತು. ಹಿಂದಿನ ಬೆಂಚಿನಲ್ಲಿ ಕೂತು ತಲೆ ಎಣಿಸಿ, ಪಾಸ್ಟರ ಮಾತು ಬರೆದುಕೊಳ್ಳುವ ಹೊಸ ಮುಖ ಕಂಡರೆ ಇಲ್ಲಿಯವರಿಗೆ ಮೊದಲು ಹುಟ್ಟುವುದು ಅನುಮಾನ. ಅದನ್ನು ತಪ್ಪೆನ್ನಲೂ ಆಗದು. ಅಪರಿಚಿತರ ಮೂದಲಿಕೆಯನ್ನು ನಕ್ಕು ಸ್ವೀಕರಿಸಲು ಮೊದಲು ನೆಮ್ಮದಿ ಬೇಕು.

ಹೊರದೇಶಕ್ಕೆ ಹೊರಟವರಿಗೆ

ನರ್ಸಿಂಗ್ ಕೆಲಸಕ್ಕೋ ಓದಿಗೋ ಬ್ರಿಟನ್ನಿಗೆ ಹೋಗುವ ಕರಾವಳಿಯ, ಬೆಂಗಳೂರಿನ ಕ್ರೈಸ್ತರಿಗೆ ಈ ವರದಿಗಳು ಉಪಯೋಗಕ್ಕೆ ಬಂದಾವು. ಓದುವಾಗ ಅಂಕ ಬಿಟ್ಟು ವಿವರ ನೋಡಿ. ವರದಿಯ ತಾರೀಕು ಗಮನಿಸಿ. ಪಾದ್ರಿ ಬದಲಾಗಿದ್ದರೆ ಅದರ ಬಹುಪಾಲು ಹಳತಾಯಿತು. ಕ್ರಿಸ್‌ಮಸ್, ಈಸ್ಟರ್ ದಿನ ಹೋಗಿ ತೀರ್ಮಾನಿಸಬೇಡಿ, ಅಂದು ಎಲ್ಲ ಚರ್ಚೂ ತುಂಬಿರುತ್ತದೆ. ಈಗ ಬಹಳಷ್ಟು ಕಡೆ ಆರಾಧನೆಯ ನೇರ ಪ್ರಸಾರ ಇರುವುದರಿಂದ ಪ್ರಸಂಗವನ್ನು ಮನೆಯಲ್ಲೇ ಕೇಳಿ ನೋಡಬಹುದು. ಸ್ವಾಗತವನ್ನು ಮಾತ್ರ ಹೋಗಿಯೇ ನೋಡಬೇಕು. ಅದೇ ಪ್ಯೂ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಹೊಸ ಚರ್ಚು ಹುಡುಕಿದವರಲ್ಲೂ ಅಂತರ್ಜಾಲದಲ್ಲಿ ಮಾಹಿತಿ ನೋಡಿದವರು ಶೇ 37. ಖುದ್ದಾಗಿ ಆರಾಧನೆಗೆ ಹೋಗಿ ನೋಡಿದವರು ಶೇ 85.

ಮಕ್ಕಳನ್ನು ಕರೆದುಕೊಂಡು ಹೋಗುವವರು ಸಂಡೆ ಸ್ಕೂಲಿಗೆ ಬಿಡುವ ಮೊದಲು ನೋಟಿಸ್ ಬೋರ್ಡಿನ ಹತ್ತಿರ ಒಂದು ನಿಮಿಷ ನಿಲ್ಲಿ. ಚರ್ಚ್ ಆಫ್ ಇಂಗ್ಲೆಂಡಿನ ಪ್ರತಿ ಪ್ಯಾರಿಷ್‌ನಲ್ಲೂ ಮಕ್ಕಳ ಮತ್ತು ದುರ್ಬಲರ ಸುರಕ್ಷತೆಗೆ ಹೊಣೆಯಾದ ಒಬ್ಬರಿರಬೇಕು. ಅವರ ಹೆಸರು, ಸಂಪರ್ಕದ ವಿವರ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಆ ಹಾಳೆ ಕಾಣದಿದ್ದರೆ ಕೇಳಿ. ನೇರವಾದ ಉತ್ತರ ಸಿಗದಿದ್ದರೆ ಪ್ರಸಂಗ ಎಷ್ಟೇ ಚೆನ್ನಾಗಿರಲಿ, ಬೇರೆ ಚರ್ಚು ನೋಡಿಕೊಳ್ಳಿ.